ಉಪ್ಪು ನೀರೊಡೆಯದ ಊರು

ಊರಿಗೆ ಬಂದು ಹನ್ನೊಂದನೇ ದಿನ ಅಮ್ಮ ಅಟ್ಟದ ಏಣಿಯ ಮೇಲಿಂದಲೇ ಕೂಗಿದಳು: “ಏ, ಬಾರೆ ಇಲ್ಲಿ. ನಿನ್ನ ಬೂಟಿಗೆ ಗಡ್ಡ ಬಂದಿದೆ!”

ಹೋಗಿ ನೋಡಿದರೆ ಹೌದು. ಕೆನಡಾದ ಸಾಸ್ಕಟೂನ್‌ನಲ್ಲಿ ಮೂರು ಚಳಿಗಾಲ ನನ್ನ ಕಾಲು ಕಾದ ಚರ್ಮದ ಬೂಟು ಅದು. ಡಬ್ಬಿಯ ಮೇಲೆ ‘ವಾಟರ್‌ಪ್ರೂಫ್’ ಅಂತ ಇದ್ದದ್ದನ್ನು ನಂಬಿ, ನಮ್ಮೂರ ಮಳೆಗೂ ಆದೀತು ಎಂದು ಹೊತ್ತು ತಂದಿದ್ದೆ. ಒಂದು ದಿನ ತೋಟಕ್ಕೆ ಹಾಕಿಕೊಂಡು ಹೋಗಿ ಬಂದು ಅಟ್ಟದಲ್ಲಿಟ್ಟವಳು ಮರೆತೇಬಿಟ್ಟಿದ್ದೆ. ಈಗ ನೋಡಿದರೆ ಮೇಲೆಲ್ಲ ಬೂದು ಹಸಿರು ಬೂಷ್ಟು, ಬೆಕ್ಕಿನ ಮರಿಯ ಮೈಯಷ್ಟು ನುಣ್ಣಗೆ. ಮೈನಸ್ ಮೂವತ್ತರಲ್ಲಿ ಜಗ್ಗದ ಬೂಟು ಪುನರ್ವಸು ಮಳೆಯ ಹತ್ತು ದಿನಕ್ಕೆ ಸೋತಿತ್ತು.

ಅಮ್ಮ ನಗುತ್ತಿದ್ದಳು. ನನಗೂ ನಗು ಬಂತು, ಯಾಕೆಂದರೆ ಮೂರು ವರ್ಷದ ಹಿಂದೆ ಇದರ ತಿರುಗಾಮುರುಗಾ ಆಗಿ ನಾನು ಅತ್ತಿದ್ದೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಸಾಕಪ್ಪಾ ಸಾಕು ಅನ್ನಿಸುವಷ್ಟು ಇದೆ. ಇಂಥ ಕಡೆ ಹುಟ್ಟಿದವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇರುವುದು ಒಂದೇ ಉದ್ಯೋಗ, ಒಣಗಿಸುವುದು. ಬಟ್ಟೆ ಹೊರಗೆ ಒಣಗುವುದಿಲ್ಲ, ಜಗಲಿಯಲ್ಲೂ ಒಣಗುವುದಿಲ್ಲ. ಕೊನೆಗೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ. ಶಾಲೆಗೆ ಹೋಗುವಾಗ ನನ್ನ ಯೂನಿಫಾರ್ಮು ಹೊಗೆ ನಾರುತ್ತದೆ ಅಂತ ನಾಚಿಕೆಯಾಗುತ್ತಿರಲಿಲ್ಲ, ಯಾಕೆಂದರೆ ಇಡೀ ತರಗತಿಯೇ ಹೊಗೆ ನಾರುತ್ತಿತ್ತು. ಬೆಂಕಿಪೊಟ್ಟಣಕ್ಕೆ ಒಲೆ ಪಕ್ಕದ ಗೂಡು. ಹಲಸಿನ ಹಪ್ಪಳಕ್ಕೆ ಬಿಗಿ ಮುಚ್ಚಳದ ಡಬ್ಬ, ಆ ಡಬ್ಬಕ್ಕೂ ಒಲೆ ಮೇಲಿನ ಅಟ್ಟ. ಎಷ್ಟು ಜೋಪಾನ ಮಾಡಿದರೂ ಮರಿಗೆಯೊಳಗಿನ ಉಪ್ಪು ನೀರೊಡೆಯುವುದನ್ನು ಮಾತ್ರ ತಪ್ಪಿಸಲು ಯಾರಿಂದಲೂ ಆಗಿರಲಿಲ್ಲ.

2021ರ ಅಕ್ಟೋಬರ್ ಕೊನೆಗೆ ನಾನು ಸಾಸ್ಕಟೂನ್‌ಗೆ ಹೊರಟಾಗ ಊರಿಗೆ ಊರೇ ಚಳಿಯ ಬಗ್ಗೆ ಉಪದೇಶ ಮಾಡಿತು. ಅತ್ತಿಗೆ ಉಣ್ಣೆಯ ಟೋಪಿ ಹೆಣೆದುಕೊಟ್ಟರು. ಅಪ್ಪಯ್ಯ ಎರಡು ದಿನ ಯೋಚನೆ ಮಾಡಿ, “ಅಲ್ಲಿ ಒಲೆ ಇರ್ತದಾ?” ಅಂತ ಕೇಳಿದರು. ಬೆಂಗಳೂರಿನ ಗೆಳತಿಯರು ಥರ್ಮಲ್, ಜಾಕೆಟ್, ಕೈಗವಸು ಅಂತ ಪಟ್ಟಿ ಕಳಿಸಿದರು. ಯಾರೊಬ್ಬರೂ, ‘ಅಲ್ಲಿ ಗಾಳಿಯಲ್ಲಿ ನೀರಿರುವುದಿಲ್ಲ ಮಾರಾಯ್ತಿ’ ಅಂತ ಹೇಳಲಿಲ್ಲ. ಹೇಳಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ. ನೀರಿಲ್ಲದ ಗಾಳಿ ಅಂದರೆ ಏನು ಅಂತ ಮಲೆನಾಡಿನವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ.

ಸಾಸ್ಕಟೂನ್ ಇರುವುದು ಕೆನಡಾದ ನಟ್ಟನಡುವಿನ ಬಯಲುಸೀಮೆಯಲ್ಲಿ, 52 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಸಮುದ್ರ ಎತ್ತ ಹೋದರೂ ದೂರ. ಊರಿನ ನಡುವೆ ಸೌತ್ ಸಾಸ್ಕಾಚೆವಾನ್ ಅನ್ನುವ ಹೊಳೆ. ಅಲ್ಲಿ ಬೆಳೆಯುವ ಒಂದು ಕಾಡುಹಣ್ಣಿಗೆ ಮೂಲನಿವಾಸಿ ಕ್ರೀ ಜನರ ಭಾಷೆಯಲ್ಲಿರುವ ಹೆಸರಿನಿಂದಲೇ ಊರಿಗೆ ಹೆಸರು ಬಂದಿದೆ. ಹಣ್ಣು ಥೇಟ್ ನಮ್ಮ ನೇರಳೆಯ ಬಣ್ಣ, ಗಾತ್ರ ಮಾತ್ರ ಚಿಕ್ಕದು. ಅಲ್ಲಿ ವರ್ಷವಿಡೀ ಬೀಳುವ ಮಳೆ, ಹಿಮ ಎಲ್ಲ ಕೂಡಿಸಿ ಅಳೆದರೂ 350 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಆರಿದ್ರಾ ಮಳೆ ಸರಿಯಾಗಿ ಹಿಡಿದರೆ ಎರಡು ದಿನದ ಲೆಕ್ಕ!

ಮೊದಲು ಬಂದದ್ದು ಶಾಕ್. ಬಾಡಿಗೆ ಮನೆಯ ಬಾಗಿಲ ಹಿಡಿಗೆ ಕೈ ಹಾಕಿದರೆ ಚಟ್ಟನೆ ಕಿಡಿ. ಕರೆಂಟ್ ಲೀಕ್ ಆಗುತ್ತಿದೆ ಅಂದುಕೊಂಡು ಮನೆ ಯಜಮಾನರಿಗೆ ಹೇಳಿದೆ. ಪಾಪ, ಅವರು ನಗು ತಡೆದುಕೊಂಡು ವಿವರಿಸಿದರು. ಕಾರ್ಪೆಟ್ ಮೇಲೆ ಉಣ್ಣೆ ಕಾಲ್ಚೀಲ ಉಜ್ಜಿದರೆ ಮೈಯಲ್ಲಿ ವಿದ್ಯುತ್ತು ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಮೆಲ್ಲಗೆ ಹರಿದುಹೋಗುತ್ತದೆ, ಇಲ್ಲದಿದ್ದರೆ ಲೋಹ ಮುಟ್ಟಿದಾಗ ಒಮ್ಮೆಗೇ ಹಾರುತ್ತದೆ. ಆಮೇಲಿನಿಂದ ಬಾಗಿಲು ಮುಟ್ಟುವ ಮೊದಲು ಕೈಯಲ್ಲಿರುವ ಬೀಗದ ಕೈಯನ್ನು ತಾಗಿಸುವುದು ರೂಢಿಯಾಯಿತು. ಕಿಡಿ ಬೀಗದ ಕೈಗೆ ಹೋಗುತ್ತದೆ, ಬೆರಳಿಗೆ ನೋವಿಲ್ಲ.

ಮೂರನೇ ವಾರ ಬೆಳಗ್ಗೆ ಎದ್ದರೆ ತಲೆದಿಂಬಿನ ಮೇಲೆ ರಕ್ತ. ಮೂಗಿನಿಂದ. ಗಾಬರಿಯಾಗಿ ಅಮ್ಮನಿಗೆ ಫೋನ್ ಮಾಡಿದೆ.

“ಉಷ್ಣ ಆಗಿದೆ ಕಣೇ” ಅಂದಳು.

“ಅಮ್ಮ, ಹೊರಗೆ ಮೈನಸ್ ಹದಿನೆಂಟು.”

“ಎಷ್ಟಾದ್ರೂ ಇರ್ಲಿ. ಮೂಗಲ್ಲಿ ರಕ್ತ ಬಂದ್ರೆ ಅದು ಉಷ್ಣವೇ. ಕೊತ್ತಂಬರಿ ಜೀರಿಗೆ ಕಷಾಯ ಮಾಡಿ ಕುಡಿ, ಮೂಗಿಗೆ ಸ್ವಲ್ಪ ತುಪ್ಪ ಹಚ್ಚು.”

ಆಗ ಸಿಟ್ಟು ಬಂತು. ಆಮೇಲೆ ಗೊತ್ತಾಯಿತು, ಅಮ್ಮ ಹೇಳಿದ್ದರಲ್ಲಿ ಹುರುಳಿತ್ತು. ತಣ್ಣನೆಯ ಗಾಳಿಗೆ ನೀರಾವಿ ಹಿಡಿದಿಟ್ಟುಕೊಳ್ಳುವ ಶಕ್ತಿ ತೀರಾ ಕಡಿಮೆ. ಮೈನಸ್ 20ರಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು ಒಂದು ಗ್ರಾಂ ನೀರಾವಿ. ಅದೇ ಗಾಳಿಯನ್ನು ಮನೆಯೊಳಗೆ 21 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 18 ಗ್ರಾಂ ಹಿಡಿಯುವ ಬಾಯಾರಿಕೆ ಬರುತ್ತದೆ, ಸಿಗುವುದು ಮಾತ್ರ ಅದೇ ಒಂದು ಗ್ರಾಂ. ಉಳಿದದ್ದನ್ನು ಅದು ಎಲ್ಲಿಂದ ಕಿತ್ತುಕೊಳ್ಳಬೇಕು? ನನ್ನ ಮೂಗಿನಿಂದ, ತುಟಿಯಿಂದ, ಹಿಮ್ಮಡಿಯಿಂದ, ಮೇಜಿನ ಮರದಿಂದ, ಡಬ್ಬದ ಮುಚ್ಚಳ ಸರಿಯಾಗಿ ಹಾಕದ ಚಪಾತಿಯಿಂದ. ಮನೆ ಕಾಯಿಸುವ ಫರ್ನೇಸ್ ನೆಲಮಾಳಿಗೆಯಲ್ಲಿ ಗ್ಯಾಸ್ ಉರಿಸಿ, ಕೊಳವೆಗಳ ಮೂಲಕ ಕೋಣೆಕೋಣೆಗೂ ಬಿಸಿಗಾಳಿ ಊದುತ್ತಿತ್ತು. ಅಂದರೆ ಇಡೀ ಮನೆಯೇ ನಮ್ಮ ಬಚ್ಚಲ ಒಲೆಯ ಮೇಲಿನ ಹಗ್ಗ. ಅದರ ಮೇಲೆ ನೇತು ಹಾಕಿದ ಬಟ್ಟೆ ನಾನು.

ತುಪ್ಪ ಹಚ್ಚಿದೆ. ಔಷಧಿ ಅಂಗಡಿಯವರು ಮೂಗಿಗೆ ಬಿಡುವ ಸ್ಪ್ರೇ ಕೊಟ್ಟರು. ಸೀಸೆ ತಿರುಗಿಸಿ ನೋಡಿದರೆ ಬರೀ ಉಪ್ಪುನೀರು. ನಮ್ಮನೆಯ ಮರಿಗೆಯಲ್ಲಿ ಪುಕ್ಕಟೆ ಸಿಗುವುದನ್ನು ಇಲ್ಲಿ ಡಾಲರ್ ಕೊಟ್ಟು ಕೊಂಡೆನಲ್ಲ ಅನ್ನಿಸಿತು.

ಅಲ್ಲಿಂದ ನನ್ನ ಹೊಸ ಉದ್ಯೋಗ ಶುರು, ಒದ್ದೆ ಮಾಡುವುದು. ರಾತ್ರಿ ಮಲಗುವ ಮೊದಲು ಟವೆಲ್ಲುಗಳನ್ನು ಅದ್ದಿ ಕುರ್ಚಿಗಳ ಮೇಲೆ ಹರಡುತ್ತಿದ್ದೆ. ಬೆಳಗ್ಗೆ ನೋಡಿದರೆ ಅವು ಹಪ್ಪಳದ ಹಾಗೆ ಗರಿಗರಿ. ಒಗೆದ ಬಟ್ಟೆಯನ್ನು ಡ್ರೈಯರ್‌ಗೆ ಹಾಕುವುದು ಬಿಟ್ಟು ಮನೆಯೊಳಗೇ ಹಗ್ಗ ಕಟ್ಟಿದೆ. ದಪ್ಪನೆಯ ಜೀನ್ಸ್ ಸಂಜೆ ಹಾಕಿದರೆ ಬೆಳಗ್ಗೆಗೆ ಒಣಗಿರುತ್ತಿತ್ತು. ಆ ದಿನ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ಜೀನ್ಸನ್ನು ನೋಡಿದ ನೋಟದಲ್ಲಿ ಹೊಟ್ಟೆಕಿಚ್ಚಿತ್ತು.

ಸಾಲದು ಅಂತ ಹ್ಯುಮಿಡಿಫೈಯರ್ ತಂದೆ, ಗಾಳಿಗೆ ನೀರಿನ ಹಬೆ ಬಿಡುವ ಯಂತ್ರ. ಜೊತೆಗೆ ಗಾಳಿಯ ತೇವ ಎಷ್ಟಿದೆ ಅಂತ ತೋರಿಸುವ ಅಂಗೈಯಷ್ಟಗಲದ ಮೀಟರ್. ಮೊದಲ ದಿನ ಮೀಟರ್ ತೋರಿಸಿದ್ದು ಶೇಕಡಾ 14. ನನಗೆ ಹಠ ಬಂತು. ಮಲೆನಾಡಿನ ಹುಡುಗಿ, ಗಾಳಿ ಒದ್ದೆ ಮಾಡುವುದು ನನಗೆ ಕಲಿಸಬೇಕೇ? ಯಂತ್ರವನ್ನು ಹಗಲೂ ರಾತ್ರಿ ಪೂರಾ ತಿರುಗಿಸಿಟ್ಟೆ. ಮೂರು ದಿನದಲ್ಲಿ ಮೀಟರ್ 50ಕ್ಕೆ ಬಂತು. ಮೂಗು ಸುಮ್ಮನಾಯಿತು. ಅದೇ ಹೊತ್ತಿಗೆ ಹೊರಗೆ ಮೈನಸ್ 30ರ ಅಲೆ ಬಂತು. ಬೆಳಗ್ಗೆ ಪರದೆ ಸರಿಸಿದರೆ ಕಿಟಕಿಯ ಗಾಜು ಒಳಗಿನಿಂದಲೇ ಹೆಪ್ಪುಗಟ್ಟಿದೆ, ಕೆಳ ಅಂಚಿನಲ್ಲಿ ಬೆರಳು ದಪ್ಪದ ಮಂಜುಗಡ್ಡೆ. ಕಿಟಕಿಯ ಚಿಲಕ ಅದರೊಳಗೆ ಹೂತುಹೋಗಿತ್ತು. ಮಧ್ಯಾಹ್ನ ಅದು ಕರಗಿ ಗೋಡೆಯ ಮೇಲೆ ಇಳಿಯಿತು. ಎರಡು ವಾರದಲ್ಲಿ ಕಿಟಕಿ ಕೆಳಗೆ, ಮಂಚದ ಹಿಂದೆ, ನನಗೆ ಹುಟ್ಟಿನಿಂದ ಪರಿಚಯವಿದ್ದ ಕಪ್ಪು ಚುಕ್ಕೆಗಳು. ಬೂಷ್ಟು! ಬಗ್ಗಿ ಮೂಸಿದೆ. ಥೇಟ್ ನಮ್ಮನೆಯ ಕತ್ತಲೆಕೋಣೆಯ ವಾಸನೆ. ಒಂದು ಕ್ಷಣ ಸುಖವಾಯಿತು ಅಂದರೆ ನಂಬುತ್ತೀರೋ ಇಲ್ಲವೋ.

ಮನೆ ಯಜಮಾನರಿಗೆ ಸುಖವಾಗಲಿಲ್ಲ. ಆ ಗೋಡೆ ತಿಕ್ಕಿ ಬಣ್ಣ ಬಳಿಸಿದ ಖರ್ಚು ನನ್ನದೇ ಆಯಿತು, ಆಗಬೇಕಾದ್ದೇ. ಆಗ ಕಲಿತ ನಿಯಮ ಇದು: ಹೊರಗೆ ಚಳಿ ಹೆಚ್ಚಾದಷ್ಟೂ ಒಳಗಿನ ತೇವ ಇಳಿಸಬೇಕು. ಹೊರಗೆ ಸೊನ್ನೆಯ ಹತ್ತಿರ ಇದ್ದಾಗ ಶೇಕಡಾ 40ರವರೆಗೂ ನಡೆಯುತ್ತದೆ, ಮೈನಸ್ 30ಕ್ಕೆ ಹೋದರೆ 20 ದಾಟಬಾರದು. ಅಂದರೆ ಮೂಗಿಗೆ ಯಾವಾಗ ತೇವ ಹೆಚ್ಚು ಬೇಕೋ ಆಗಲೇ ಗೋಡೆಗೆ ಅದು ಬೇಡ. ಮೂಗಿಗೂ ಗೋಡೆಗೂ ನಡುವೆ ರಾಜಿ ಮಾಡಿಸುವುದೇ ಅಲ್ಲಿನ ಸಂಸಾರ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಸ್ನಾನ ಬಿಡುವುದು. ಸ್ನಾನವನ್ನಲ್ಲ, ನಮ್ಮ ಸ್ನಾನವನ್ನು. ಮಳೆಗಾಲದ ಸಂಜೆ ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಹಂಡೆಯ ನೀರನ್ನು, ಬೆನ್ನು ಕೆಂಪಾಗುವ ತನಕ, ಚೊಂಬಿನ ಮೇಲೆ ಚೊಂಬು ಹೊಯ್ದುಕೊಳ್ಳುವುದು. ಹೊರಗೆ ಜಡಿಮಳೆ, ಒಳಗೆ ಹೊಗೆ, ಹಬೆ, ಬೆಂಕಿ. ಹೊರಬಂದಾಗ ಮೂಳೆಯ ತನಕ ಬಿಸಿ. ಸಾಸ್ಕಟೂನ್‌ನಲ್ಲಿ ಆಫೀಸಿನಿಂದ ನಡುಗುತ್ತ ಬಂದವಳು ಅದನ್ನೇ ಶವರ್ ಕೆಳಗೆ ಮಾಡಿದೆ, ದಿನಾ ಇಪ್ಪತ್ತೈದು ನಿಮಿಷ. ಡಿಸೆಂಬರ್ ಮುಗಿಯುವಷ್ಟರಲ್ಲಿ ಮೊಣಕಾಲ ಕೆಳಗಿನ ಚರ್ಮ ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರಿನಂತೆ ಬಿರಿದಿತ್ತು. ರಾತ್ರಿ ತುರಿಸಿ ತುರಿಸಿ ರಕ್ತ. ಡಾಕ್ಟರ್ ಕಾಲು ನೋಡಿ ಕೇಳಿದ ಮೊದಲ ಪ್ರಶ್ನೆಯೇ, ಎಷ್ಟು ಹೊತ್ತು ಸ್ನಾನ, ಎಷ್ಟು ಬಿಸಿ ನೀರು ಅಂತ. ಬಿಸಿ ನೀರು ಚರ್ಮದ ಎಣ್ಣೆಯನ್ನು ತೊಳೆದುಬಿಡುತ್ತದೆ. ಎಣ್ಣೆ ಹೋದ ಮೇಲೆ ಒಳಗಿನ ನೀರನ್ನು ತಡೆಯುವವರಿಲ್ಲ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ, ಮೈ ಪೂರ್ತಿ ಒರೆಸುವ ಮೊದಲೇ ದಪ್ಪನೆಯ ಕ್ರೀಮು ಅಥವಾ ವ್ಯಾಸಲೀನ್.

ಕೊಬ್ಬರಿ ಎಣ್ಣೆ ಸಾಲದೇ ಅಂತ ಕೇಳಿದೆ. ಆಗಬಹುದು ಅಂದರು. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ, ಮನೆ ಇರುವುದು 21ರಲ್ಲಿ. ಹಾಗಾಗಿ ವರ್ಷದ ಬಹುಪಾಲು ಸೀಸೆಯೊಳಗೆ ಅದು ಸುಣ್ಣದ ಉಂಡೆ. ಚಮಚದ ಹಿಡಿಯಿಂದ ಕೆರೆದು ತೆಗೆಯಬೇಕು. ಹತ್ತು ನಿಮಿಷದ ಉಗುರುಬೆಚ್ಚಗಿನ ಸ್ನಾನ ನನಗೆ ಇವತ್ತಿಗೂ ಶಿಕ್ಷೆಯಂತೆಯೇ ಅನ್ನಿಸುತ್ತದೆ.

ಚಳಿಯ ಬಗ್ಗೆ ಏನೂ ಹೇಳಲಿಲ್ಲ ಅಂತ ನೀವು ಕೇಳಬಹುದು. ಚಳಿ ನನಗೆ ಒಂದೇ ಪೆಟ್ಟಿನಲ್ಲಿ ಪಾಠ ಕಲಿಸಿತು, ಆದ್ದರಿಂದ ಹೇಳುವುದೂ ಅಷ್ಟೇ ಇದೆ.

ನಮ್ಮಲ್ಲಿ ಮಳೆಗಾಲದ ನಡುವೆ ಒಂದು ದಿನ ಹೊಳವಾದರೆ, ಬಿಸಿಲು ಬಿದ್ದರೆ, ಅದು ಹಬ್ಬ. ಹಾಸಿಗೆ, ಕಂಬಳಿ, ಉಪ್ಪಿನಕಾಯಿ ಭರಣಿ ಎಲ್ಲವೂ ಅಂಗಳಕ್ಕೆ ಬರುತ್ತವೆ. ಬಿಸಿಲು ಅಂದರೆ ಬೆಚ್ಚಗೆ ಅನ್ನುವುದು ನನ್ನ ಮೈಯೊಳಗೇ ಬರೆದಿಟ್ಟ ಸಂಗತಿ. 2022ರ ಜನವರಿಯಲ್ಲಿ ಒಂದು ಬೆಳಗ್ಗೆ ಎದ್ದರೆ ಆಕಾಶ ಅಗಸೆ ಹೂವಿನ ನೀಲಿ, ಹಿಮದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಸೂರ್ಯನ ಎಡಕ್ಕೂ ಬಲಕ್ಕೂ ಇನ್ನೆರಡು ಪುಟ್ಟ ಸೂರ್ಯರು, ಮಳೆಬಿಲ್ಲಿನ ಬಣ್ಣದವು. ಆಹಾ, ಹೊಳವಾಯ್ತು ಅಂದುಕೊಂಡು, ಕಿವಿ ಮುಚ್ಚದ ಟೋಪಿಯಲ್ಲೇ ಬಸ್ ಸ್ಟಾಪಿಗೆ ಹೊರಟೆ. ಬಸ್ ಇಪ್ಪತ್ತು ನಿಮಿಷ ತಡ. ಮೂಗಿನೊಳಗಿನ ಕೂದಲು ಒಂದಕ್ಕೊಂದು ಅಂಟಿ ಚುಚ್ಚತೊಡಗಿತು, ರೆಪ್ಪೆಯ ಮೇಲೆ ನನ್ನದೇ ಉಸಿರು ಮಂಜಾಗಿ ಕೂತಿತು. ಎಡಗಿವಿ ಮೊದಲು ಉರಿಯಿತು, ಆಮೇಲೆ ಉರಿ ನಿಂತಿತು. ನಿಂತದ್ದು ಒಳ್ಳೆಯದಾಯಿತು ಅಂದುಕೊಂಡೆ.

ಆಫೀಸಿನಲ್ಲಿ ದಾವಣಗೆರೆ ಕಡೆಯ ಅಕ್ಕ ಒಬ್ಬರಿದ್ದಾರೆ, ಹದಿನೈದು ಚಳಿಗಾಲ ಕಂಡವರು. ನನ್ನ ಕಿವಿ ನೋಡಿದವರೇ ಎದ್ದು ಬಂದರು. ಕಿವಿಯ ಅಂಚು ಮೇಣದ ಹಾಗೆ ಬೆಳ್ಳಗಾಗಿತ್ತಂತೆ. ನಾನು ಉಜ್ಜಲು ಹೋದರೆ ಕೈ ಹಿಡಿದರು. ಉಜ್ಜಬಾರದು, ಹೆಪ್ಪುಗಟ್ಟಿದ ಚರ್ಮಕ್ಕೆ ಗಾಯವಾಗುತ್ತದೆ; ಹೀಟರ್ ಮುಂದೆಯೂ ಹಿಡಿಯಬಾರದು, ಸ್ಪರ್ಶವಿಲ್ಲದ ಕಾರಣ ಸುಟ್ಟರೂ ತಿಳಿಯುವುದಿಲ್ಲ. ತಮ್ಮ ಬೆಚ್ಚಗಿನ ಅಂಗೈಯನ್ನೇ ಕಿವಿಗೆ ಮುಚ್ಚಿ ಹಿಡಿದು ನಿಂತರು. ಜೀವ ಬರತೊಡಗಿದಾಗ ಆದ ನೋವಿಗೆ ಕಣ್ಣಲ್ಲಿ ನೀರು ಬಂತು.

“ಬಿಸಿಲ್ ನೋಡಿ ಮೋಸ ಹೋದ್ಯಲ್ಲ ತಂಗಿ” ಅಂದರು. “ಇಲ್ಲಿ ಆಕಾಶ ಎಷ್ಟು ಚೆಂದ ಐತೋ ಚಳಿ ಅಷ್ಟು ಕೆಟ್ಟದ್ದು ಅಂತ ತಿಳ್ಕೊ. ಮೋಡ ಕಂಡ್ರೆ ಖುಷಿಪಡು.”

ಅದು ನಿಜ. ಉತ್ತರ ಧ್ರುವದ ಕಡೆಯಿಂದ ಇಳಿದು ಬರುವ ಭಾರವಾದ ತಣ್ಣನೆಯ ಗಾಳಿ ಒಣ ಗಾಳಿ. ಅದು ಬಂದಾಗ ಮೋಡ ಇರುವುದಿಲ್ಲ. ಮೋಡವಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ ನೆಲದ ಬಿಸಿಯನ್ನು ತಡೆದಿಡುತ್ತದೆ. ಆ ಇಬ್ಬರು ಪುಟ್ಟ ಸೂರ್ಯರೂ ಗಾಳಿಯಲ್ಲಿ ತೇಲುವ ಮಂಜಿನ ಹರಳುಗಳ ಆಟ. ಅವು ಕಂಡರೆ ಒಳಗೆ ಹೋಗು ಅಂತ ಅರ್ಥ. ಆ ದಿನದ ತಾಪಮಾನ ಮೈನಸ್ 29. ಗಾಳಿಯ ಹೊಡೆತ ಸೇರಿಸಿದರೆ ಮೈನಸ್ 40ರಂತೆ ಅಂತ ಹವಾಮಾನದ ಆಪ್ ಹೇಳುತ್ತಿತ್ತು. ಹಾಗಿದ್ದಾಗ ತೆರೆದ ಚರ್ಮ ಹೆಪ್ಪುಗಟ್ಟಲು ಹತ್ತು ನಿಮಿಷ ಸಾಕು. ನನ್ನ ಕಿವಿ ಒಂದು ವಾರ ಊದಿಕೊಂಡು, ಸಿಪ್ಪೆ ಸುಲಿದು, ಸರಿಯಾಯಿತು. ಇವತ್ತಿಗೂ ಆ ಕಿವಿಗೆ ಉಳಿದ ಮೈಗಿಂತ ಮೊದಲು ಚಳಿ ತಿಳಿಯುತ್ತದೆ.

ಅಕ್ಕನ ಜೊತೆ ಆ ಶನಿವಾರವೇ ಬಟ್ಟೆ ಅಂಗಡಿಗೆ ಹೋದೆ. ನಾನು ಊರಿಂದ ತಂದದ್ದೆಲ್ಲ ಹತ್ತಿಯದ್ದು. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆ ಮೈಯ ಬಿಸಿಯನ್ನು ಎಳೆಯುತ್ತದೆ. ಮೈಗೆ ತಾಗುವ ಪದರ ಉಣ್ಣೆಯದ್ದಾಗಬೇಕು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ ಅಂತ ಅಂಗಡಿಯ ಹುಡುಗ ಒಂದು ಹೊಸ ಸಂಶೋಧನೆಯ ಹಾಗೆ ವಿವರಿಸುತ್ತಿದ್ದ. ನನಗೆ ಕಂಡದ್ದು ಅಪ್ಪಯ್ಯ, ಚಳ್ಳಕೆರೆ ಕಡೆಯ ಕರಿ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು, ಜಡಿಮಳೆಯಲ್ಲಿ ಗದ್ದೆಯ ಅಂಚು ಕಡಿಯುತ್ತ ನಿಂತದ್ದು. ಕಂಬಳಿ ಮೇಲೆ ತೊಟ್ಟಿಕ್ಕುತ್ತಿರುತ್ತಿತ್ತು, ಒಳಗೆ ಅಪ್ಪಯ್ಯನ ಬೆನ್ನು ಬೆಚ್ಚಗೆ. ಕಾಲೇಜಿಗೆ ಹೋಗುವಾಗ ಆ ಕಂಬಳಿಯ ವಾಸನೆ ನನಗೆ ಆಗುತ್ತಿರಲಿಲ್ಲ. ಈಗ ಅದರ ನುಣುಪಾದ ತಮ್ಮನಿಗೆ ಒಂದು ತಿಂಗಳ ದಿನಸಿಯಷ್ಟು ದುಡ್ಡು ಸುರಿದೆ.

ಬೂಟನ್ನು ಒಂದು ಅಳತೆ ದೊಡ್ಡದೇ ಕೊಳ್ಳಬೇಕು ಅಂತಲೂ ಅಲ್ಲೇ ಕಲಿತೆ. ಬಿಗಿ ಬೂಟಿಗೆ ಎರಡು ಕಾಲ್ಚೀಲ ತುರುಕಿದರೆ ನಡುವೆ ಗಾಳಿಗೆ ಜಾಗವಿಲ್ಲ, ಬೆಚ್ಚಗಿಡುವುದೇ ಆ ಗಾಳಿ. ಕೈಗೆ ಬೆರಳು ಬೆರಳಿನ ಗವಸಿಗಿಂತ, ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಗವಸು ಮೇಲು. ಬೆರಳುಗಳು ಒಟ್ಟಿಗೆ ಇದ್ದರೆ ಒಂದನ್ನೊಂದು ಕಾಯುತ್ತವೆ.

ಉಳಿದದ್ದೆಲ್ಲ ತನ್ನಷ್ಟಕ್ಕೆ ಅಭ್ಯಾಸವಾಯಿತು. ರಾತ್ರಿ ಕಾರಿನ ಮೂತಿಯಿಂದ ವೈರು ಎಳೆದು ಪ್ಲಗ್ಗಿಗೆ ಸಿಕ್ಕಿಸುವುದು, ಎಂಜಿನ್ ಬೆಚ್ಚಗಿರಲಿ ಅಂತ. ಇದನ್ನು ಕೇಳಿ ಅಪ್ಪಯ್ಯ, ‘ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ’ ಅಂದರು. ದೋಸೆ ಹಿಟ್ಟು ಹುದುಗು ಬರಲು ಓವನ್ನಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಒಳಗಿಡುವುದು. ವಿಟಮಿನ್ ಡಿ ಮಾತ್ರೆ, ಯಾಕೆಂದರೆ ಅಷ್ಟು ಉತ್ತರದಲ್ಲಿ ಚಳಿಗಾಲದ ಸೂರ್ಯ ತೀರಾ ತಗ್ಗಿನಲ್ಲಿ ಹಾಯುತ್ತಾನೆ, ಅವನ ಬಿಸಿಲಿಗೆ ಚರ್ಮ ಅದನ್ನು ತಯಾರಿಸುವುದಿಲ್ಲ. ಡಿಸೆಂಬರ್ ಕೊನೆಗೆ ಬೆಳಗಾಗುವುದು ಒಂಬತ್ತು ಗಂಟೆ ದಾಟಿದ ಮೇಲೆ, ಐದಕ್ಕೆ ಮೊದಲೇ ಮುಳುಗು. ಶಿವಮೊಗ್ಗದಲ್ಲಿ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆಗೆ ಮೇಲಿದೆ, ಅಲ್ಲಿ ಎಂಟೂ ಇಲ್ಲ. ನಿಜ ಹೇಳಬೇಕೆಂದರೆ ಕತ್ತಲೆ ನನ್ನನ್ನು ಅಷ್ಟು ಕಾಡಲಿಲ್ಲ. ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೆ ದೀಪ ಹಾಕಿ ಓದಿದವಳು ನಾನು. ದಾವಣಗೆರೆ ಅಕ್ಕನಿಗೆ ಮಾತ್ರ ಪ್ರತಿ ಫೆಬ್ರವರಿಯೂ ಮಂಕು ಕವಿಯುತ್ತದೆ, ಬೆಳಗ್ಗೆ ಅರ್ಧ ಗಂಟೆ ಪ್ರಖರ ದೀಪದ ಮುಂದೆ ಕೂರುತ್ತಾರೆ. ಅವರಿಗೆ ಒಣ ಗಾಳಿ ಏನೂ ಮಾಡಲಿಲ್ಲ, ನನಗೆ ಕತ್ತಲೆ ಏನೂ ಮಾಡಲಿಲ್ಲ. ಒಂದೇ ರಾಜ್ಯದಿಂದ ಹೋದ ನಾವು ಬೇರೆ ಬೇರೆ ಕಾಯಿಲೆ ಬಿದ್ದೆವು.

ನನ್ನನ್ನು ಕಾಡಿದ್ದು ವಾಸನೆ ಇಲ್ಲದಿರುವುದು. ನವೆಂಬರ್‌ನಿಂದ ಮಾರ್ಚ್ ತನಕ ಹೊರಗೆ ಏನೂ ನಾರುವುದಿಲ್ಲ, ಪರಿಮಳವೂ ಇಲ್ಲ. ಎಲ್ಲವೂ ಹೆಪ್ಪುಗಟ್ಟಿರುತ್ತದಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿದ ಮೊದಲ ಮಧ್ಯಾಹ್ನ ಮಣ್ಣಿನ ವಾಸನೆ ಬಂದಾಗ ದಾರಿಯಲ್ಲೇ ನಿಂತೆ. ಹತ್ತು ಹೆಜ್ಜೆ ಮುಂದೆ ಹೋದ ಮೇಲೆ, ಐದು ತಿಂಗಳ ನಾಯಿ ಹೇಸಿಗೆಯೂ ಅದೇ ಹಿಮದಡಿಯಿಂದ ಎದ್ದಿದೆ ಅಂತ ತಿಳಿಯಿತು.

ಎರಡನೇ ಚಳಿಗಾಲದ ಹೊತ್ತಿಗೆ ಮೈ ಬದಲಾಗಿತ್ತು. ಮೈನಸ್ ಐದು ಅಂದರೆ ಜಾಕೆಟ್‌ನ ಗುಂಡಿ ಹಾಕದೆ ನಡೆಯುತ್ತಿದ್ದೆ. ಮಾರ್ಚ್‌ನಲ್ಲಿ ಸೊನ್ನೆ ದಾಟಿ ಎರಡು ಡಿಗ್ರಿ ಆದರೆ, ಉಳಿದವರಂತೆ ನನಗೂ ಸೆಕೆ! ಹಿಮದ ಮೇಲೆ ನಡೆದಾಗ ಬರುವ ಸದ್ದಿನಿಂದ ಚಳಿ ಎಷ್ಟಿದೆ ಅಂತ ಅಂದಾಜು ಮಾಡಲು ಬರುತ್ತಿತ್ತು. ಚಳಿ ಕಡಿಮೆ ಇದ್ದಾಗ ಮೆತ್ತಗೆ, ಹೆಚ್ಚಾದಷ್ಟೂ ಕಿರುಗುಟ್ಟುತ್ತದೆ. ಮೂಗಿನಲ್ಲಿ ರಕ್ತ ಬಂದದ್ದು ಆ ವರ್ಷ ಒಂದೇ ಸಲ.

ಹಾಗೆ ಗೆದ್ದೆ ಅಂದುಕೊಂಡವಳು 2024ರ ಜುಲೈನಲ್ಲಿ ರಜೆ ಹಾಕಿ ಊರಿಗೆ ಬಂದೆ. ಶಿವಮೊಗ್ಗ ಸ್ಟೇಷನ್‌ನಲ್ಲಿ ಬೆಳಗಿನ ಜಾವ ರೈಲಿನಿಂದ ಇಳಿದೊಡನೆ ಗಾಳಿ ಮುಖಕ್ಕೆ ಒದ್ದೆ ಬಟ್ಟೆಯ ಹಾಗೆ ಅಂಟಿತು. 23 ಡಿಗ್ರಿ ಇದ್ದಿರಬೇಕು, ನಾನು ಬೆವೆತು ತೊಪ್ಪೆಯಾದೆ. ಬೆವರು ಆರಬೇಕಾದರೆ ಗಾಳಿಯಲ್ಲಿ ಜಾಗ ಬೇಕಲ್ಲ, ಆ ಗಾಳಿ ಆಗಲೇ ಹೊಟ್ಟೆ ತುಂಬ ನೀರು ಕುಡಿದು ಬಂದಿತ್ತು. ತೀರ್ಥಹಳ್ಳಿ ಮುಟ್ಟುವ ಹೊತ್ತಿಗೆ ಮಳೆ ಅಂದರೆ ಮಳೆ. ತುಂಗೆ ಕೆಂಪಾಗಿ, ರಾಮಮಂಟಪದ ಸುತ್ತ ಸುಳಿ ಹಾಕುತ್ತ ಹರಿಯುತ್ತಿದ್ದಳು.

ಎಂಟು ದಿನದಲ್ಲಿ ಹಿಮ್ಮಡಿಯ ಬಿರುಕು ಮುಚ್ಚಿಕೊಂಡಿತು, ಔಷಧಿಯಿಲ್ಲದೆ. ಮೊಣಕಾಲ ಕೆಳಗಿನ ಚರ್ಮ ನುಣ್ಣಗಾಯಿತು. ದಿನಾ ಸಂಜೆ ಅರ್ಧ ಗಂಟೆ ಹಂಡೆ ನೀರು ಹೊಯ್ದುಕೊಂಡೆ, ಒಂದು ಬೊಟ್ಟು ಕ್ರೀಮು ಹಚ್ಚಲಿಲ್ಲ. ಆದರೆ ರಾತ್ರಿ ಮಲಗಿದರೆ ನಡುಕ. ಹಾಸಿಗೆ ತಣ್ಣಗೆ, ಹೊದಿಕೆ ತಣ್ಣಗೆ, ತಲೆದಿಂಬು ಯಾರೋ ಅತ್ತು ಎದ್ದು ಹೋದ ಹಾಗೆ ಒದ್ದೆ. ಕಾಲಿಗೆ ಎರಡು ಕಾಲ್ಚೀಲ ಹಾಕಿಕೊಂಡದ್ದನ್ನು ನೋಡಿ ಅತ್ತಿಗೆ, “ಕೆನಡಾದಲ್ಲಿ ಇದ್ದು ಬಂದೋಳಿಗೆ ಇಲ್ಲಿ ಚಳಿಯನೇ?” ಅಂತ ಮನೆಯೆಲ್ಲ ಹೇಳಿಕೊಂಡು ನಕ್ಕರು. ಅವರಿಗೆ ಹೇಗೆ ಹೇಳುವುದು? ಅಲ್ಲಿ ಚಳಿ ಹೊರಗಿರುತ್ತದೆ, ಬಾಗಿಲು ಹಾಕಿದರೆ ಮುಗಿಯಿತು. ಇಲ್ಲಿ 20 ಡಿಗ್ರಿಯೇ ಇರಲಿ, ಅದು ಹಾಸಿಗೆಯೊಳಗೇ ಬಂದು ಮಲಗುತ್ತದೆ. ಮೂರು ವರ್ಷದಲ್ಲಿ ಅತಿ ಹೆಚ್ಚು ನಡುಗಿದ್ದು ನಾನು ಹುಟ್ಟಿದ ಮನೆಯಲ್ಲಿ. ನಾಲ್ಕನೇ ರಾತ್ರಿ ಅಪ್ಪಯ್ಯ ಏನೂ ಹೇಳದೆ ಕಂಬಳಿಯನ್ನು ಬಚ್ಚಲ ಒಲೆಯ ಮುಂದೆ ಹಿಡಿದು ಬಿಸಿ ಮಾಡಿ ತಂದು ಹೊದಿಸಿದರು.

ತೇವದ ಮೀಟರನ್ನೂ ತಂದಿದ್ದೆ, ಚೀಲದಲ್ಲಿ. ಊಟದ ಮನೆಯ ಕಿಟಕಿಯಲ್ಲಿಟ್ಟೆ. ಶೇಕಡಾ 96. ಅಮ್ಮನಿಗೆ ತೋರಿಸಿ, ಅಲ್ಲಿ ಹದಿನಾಲ್ಕು ಇತ್ತು ಅಂತ ವಿವರಿಸಿದೆ. ಅವಳು ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

“ಇದಕ್ಕೆ ಎಷ್ಟು ಕೊಟ್ಟೆ?”

“ನಮ್ಮ ದುಡ್ಡಲ್ಲಿ ಸಾವಿರದ ಹತ್ತಿರ.”

“ಉಪ್ಪಿನ ಮರಿಗೆ ನೋಡಿದ್ರೆ ಗೊತ್ತಾಗ್ತದಲ್ಲೇ” ಅಂದು ಒಳಗೆ ಹೋದಳು.

ಅಪ್ಪಯ್ಯನಿಗೆ ಮಾತ್ರ ಅದು ಹಿಡಿಸಿತು. ಜಗಲಿಯಲ್ಲಿ ಪಂಚಾಂಗದ ಕ್ಯಾಲೆಂಡರ್ ಪಕ್ಕ ಒಂದು ಮೊಳೆ ಹೊಡೆದು ನೇತು ಹಾಕಿದರು. ಅಡಿಕೆಗೆ ಕೊಳೆರೋಗದ ಔಷಧಿಯ ಎರಡನೇ ಸುತ್ತು ಹೊಡೆಯುವುದಿತ್ತು. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಹೊಳವಿಗೆ ಕಾಯುತ್ತ ಕೂತಿದ್ದರು. ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಲ್ಲುವುದು ಶುರುವಾಯಿತು. ನಾನು ವಾಪಸ್ ಹೊರಡುವ ಹಿಂದಿನ ದಿನ ಅದನ್ನು ಬಿಚ್ಚಲು ಹೋದರೆ, “ಇರ್ಲಿ ಬಿಡೆ” ಅಂದರು.

ಸಾಸ್ಕಟೂನ್ ಮುಟ್ಟಿದ ಮೂರನೇ ದಿನ ಅವರದ್ದೇ ಫೋನ್. “ಇವತ್ತು ತೊಂಬತ್ತೊಂದಕ್ಕೆ ಇಳಿದಿದೆ ಕಣೆ. ಹೊಳವಾಗೋದು ಗ್ಯಾರಂಟಿ. ಮರ ಹತ್ತೋರಿಗೆ ಹೇಳಿ ಕಳಿಸಿದ್ದೀನಿ.”

ಹಿಂದಿನಿಂದ ಅಮ್ಮನ ದನಿ ಕೇಳಿತು: “ಉಪ್ಪು ಹಾಗೇ ಇದೆ, ಹೇಳಿ ಅವಳಿಗೆ.”

ಮಧ್ಯಾಹ್ನ ಎರಡಕ್ಕೆ ಜಡಿಮಳೆ ಹಿಡಿಯಿತಂತೆ.